ಫ್ರೆಂಚಿನ ‘ಫೇರ್’ ಕ್ರಿಯಾಪದವನ್ನು ಕನ್ನಡದ ದಾರಿಯಿಂದ ಕಲಿಯುವುದು ಹೇಗೆ

ಫ್ರೆಂಚ್ ಕಲಿಯಲು ತೊಡಗಿದವರು ಮೊದಲ ಕೆಲವು ಪಾಠಗಳಲ್ಲೇ ಎದುರುಗೊಳ್ಳುವ ಕ್ರಿಯಾಪದ ‘ಫೇರ್’. ಎಫ್, ಎ, ಐ, ಆರ್, ಇ ಎಂಬ ಐದು ಅಕ್ಷರಗಳಲ್ಲಿ ಬರೆಯುವ ಈ ಪದಕ್ಕೆ ನಿಘಂಟು ಮೊದಲು ಕೊಡುವ ಅರ್ಥ ‘ಮಾಡು’. ಅಷ್ಟಕ್ಕೇ ತೃಪ್ತರಾದವರು, ಹವಾಮಾನದ ಮಾತು ಬಂದಾಗಲೂ ಬೆಲೆ ಕೇಳುವಾಗಲೂ ಮನೆ ಕಟ್ಟಿಸಿದ ಸುದ್ದಿ ಹೇಳುವಾಗಲೂ ಅದೇ ಪದ ಮತ್ತೆ ಮತ್ತೆ ಕಾಣಿಸಿಕೊಳ್ಳುವುದನ್ನು ಕಂಡು ಗಲಿಬಿಲಿಗೊಳ್ಳುತ್ತಾರೆ.

ಗೋಕರ್ಣದ ಓಂ ಬೀಚ್, ಕುಡ್ಲೆ ಬೀಚ್‌ಗಳ ಸುತ್ತ ಹೋಂಸ್ಟೇ ನಡೆಸುವವರು, ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ಮನೆಗೆ ಪರದೇಶದ ಅತಿಥಿಗಳನ್ನು ಕರೆಯುವವರು, ಉನ್ನತ ವ್ಯಾಸಂಗಕ್ಕೆ ಫ್ರಾನ್ಸಿಗೆ ಹೋಗಬೇಕೆಂದು ಡೆಲ್ಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಗೆ ಓದುವ ಕಾರವಾರ, ಕುಮಟಾದ ವಿದ್ಯಾರ್ಥಿಗಳು, ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಬರೆದಿದ್ದೇನೆ. ಇವರಲ್ಲಿ ಹೆಚ್ಚಿನವರು ಇಂಗ್ಲಿಷ್ ಪುಸ್ತಕದ ಮೂಲಕ ಫ್ರೆಂಚ್ ಕಲಿಯುತ್ತಾರೆ. ‘ಫೇರ್’ ವಿಷಯದಲ್ಲಿ ಅದು ಸುತ್ತುದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕನ್ನಡದ ‘ಮಾಡು’ ಮತ್ತು ‘ಆಗು’ ಎಂಬ ಎರಡು ಧಾತುಗಳು ಹಾಗೂ ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯ, ಈ ಮೂರನ್ನು ಕೈಯಲ್ಲಿ ಹಿಡಿದು ಹೊರಟರೆ ಈ ಕ್ರಿಯಾಪದದ ಬಹುಪಾಲು ಬಳಕೆ ನೇರವಾಗಿ ತೆರೆದುಕೊಳ್ಳುತ್ತದೆ. ಕನ್ನಡವೇ ದಾರಿ ತಪ್ಪಿಸುವ ಜಾಗಗಳೂ ಇವೆ. ಅವನ್ನೂ ಆಯಾ ಸ್ಥಳದಲ್ಲಿ ಹೇಳುತ್ತೇನೆ.

ಮೊದಲು ರೂಪ ಮತ್ತು ಉಚ್ಚಾರಣೆ

ಇಲ್ಲಿ ಫ್ರೆಂಚ್ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ‘ಫ’ ಎಂಬುದನ್ನು ‘ಫೋನ್’ ಪದದಲ್ಲಿರುವಂತೆ ಓದಿಕೊಳ್ಳಬೇಕು. ‘ಜ಼’ ಎಂಬುದು ‘ಸ’ಕಾರವನ್ನು ಗಂಟಲಿನ ನಾದ ಸೇರಿಸಿ ಹೇಳಿದ ಧ್ವನಿ, ‘ಝ’ ಎಂಬುದು ‘ಶ’ಕಾರವನ್ನು ಅದೇ ರೀತಿ ನಾದ ಸೇರಿಸಿ ಹೇಳಿದ ಧ್ವನಿ. ಸೊನ್ನೆ ಬಂದಲ್ಲಿ ತುಟಿ ಮುಚ್ಚದೆ, ಸ್ವರವನ್ನು ಮೂಗಿನಿಂದ ಹೊರಡಿಸಬೇಕು. ‘ತ್ಯು’, ‘ದ್ಯು’ ಎಂದು ಬರೆದಲ್ಲಿ ತುಟಿಯನ್ನು ‘ಉ’ ಎನ್ನುವಂತೆ ಮುಂದೆ ಚಾಚಿ ಬಾಯೊಳಗೆ ‘ಇ’ ಎನ್ನಬೇಕು. ಲಿಪಿ ಇಷ್ಟು ಮಾತ್ರ ತೋರಿಸಬಲ್ಲದು; ಉಳಿದದ್ದನ್ನು ಫ್ರೆಂಚರ ಧ್ವನಿಮುದ್ರಣ ಕೇಳಿಯೇ ಕಲಿಯಬೇಕು.

ವರ್ತಮಾನ ಕಾಲದ ರೂಪಗಳು ಹೀಗಿವೆ: ನಾನು ಮಾಡುತ್ತೇನೆ ಎಂಬುದಕ್ಕೆ ‘ಝ ಫೆ’, ನೀನು ಮಾಡುತ್ತೀಯೆ ಎಂಬುದಕ್ಕೆ ‘ತ್ಯು ಫೆ’, ಅವನು ಮಾಡುತ್ತಾನೆ, ಅವಳು ಮಾಡುತ್ತಾಳೆ ಎಂಬುದಕ್ಕೆ ‘ಇಲ್ ಫೆ’, ‘ಎಲ್ ಫೆ’, ನಾವು ಮಾಡುತ್ತೇವೆ ಎಂಬುದಕ್ಕೆ ‘ನು ಫಜ಼ೋಂ’, ನೀವು ಮಾಡುತ್ತೀರಿ ಎಂಬುದಕ್ಕೆ ‘ವು ಫೆತ್’, ಅವರು ಮಾಡುತ್ತಾರೆ ಎಂಬುದಕ್ಕೆ ‘ಇಲ್ ಫೋಂ’. ‘ತ್ಯು’ ಮತ್ತು ‘ವು’ಗಳ ನಡುವಿನ ವ್ಯತ್ಯಾಸವನ್ನು ಕನ್ನಡಿಗರಿಗೆ ವಿವರಿಸುವ ಅಗತ್ಯವೇ ಇಲ್ಲ, ಅದು ‘ನೀನು’, ‘ನೀವು’ಗಳ ವ್ಯತ್ಯಾಸ, ಅಪರಿಚಿತರೊಡನೆ ‘ವು’ ಎನ್ನುವುದೇ ಮರ್ಯಾದೆ.

ಈ ರೂಪಗಳಲ್ಲಿ ಎರಡು ಕಡೆ ಕಲಿಯುವವರು ಎಡವುತ್ತಾರೆ. ಮೊದಲನೆಯದು ‘ನು ಫಜ಼ೋಂ’. ಬರವಣಿಗೆಯಲ್ಲಿ ‘ಎ’ ಮತ್ತು ‘ಐ’ ಅಕ್ಷರಗಳು ಜೊತೆಯಾಗಿಯೇ ಇದ್ದರೂ ಉಚ್ಚಾರಣೆಯಲ್ಲಿ ‘ಫೆ’ ಬರುವುದಿಲ್ಲ, ಹಗುರವಾದ ‘ಫ’ ಮಾತ್ರ ಬರುತ್ತದೆ. ಎರಡನೆಯದು ‘ವು ಫೆತ್’. ಫ್ರೆಂಚಿನ ಬಹುತೇಕ ಎಲ್ಲ ಕ್ರಿಯಾಪದಗಳೂ ‘ವು’ ಜೊತೆ ‘ಎ’ಕಾರದಲ್ಲಿ ಮುಗಿಯುವುದರಿಂದ ನಾಲಗೆ ತಾನಾಗಿ ‘ವು ಫಜ಼ೆ’ ಎನ್ನಲು ಹೊರಡುತ್ತದೆ. ಅದು ತಪ್ಪು. ‘ವು ಎತ್’ ಎಂದರೆ ನೀವು ಇದ್ದೀರಿ, ‘ವು ದಿತ್’ ಎಂದರೆ ನೀವು ಹೇಳುತ್ತೀರಿ, ‘ವು ಫೆತ್’ ಎಂದರೆ ನೀವು ಮಾಡುತ್ತೀರಿ; ಹೀಗೆ ‘ತ್’ ಧ್ವನಿಯಲ್ಲಿ ಮುಗಿಯುವ ಈ ಮೂರನ್ನೂ ಒಟ್ಟಿಗೆ ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ಭೂತಕಾಲದಲ್ಲಿ ಇನ್ನೂ ಸೂಕ್ಷ್ಮವಾದ ತೊಡಕಿದೆ. ‘ನಾನು ಮಾಡುತ್ತೇನೆ’ ಎಂಬುದು ‘ಝ ಫೆ’, ‘ನಾನು ಮಾಡಿದೆ’ ಎಂಬುದು ‘ಝೆ ಫೆ’. ಕಾಲದ ವ್ಯತ್ಯಾಸವೆಲ್ಲ ಮೊದಲ ಅಕ್ಷರದ ಸ್ವರದಲ್ಲಿ ಅಡಗಿದೆ. ಆ ‘ಝೆ’ಯನ್ನು ತುಟಿ ಅಗಲಿಸಿ ಸ್ಪಷ್ಟವಾಗಿ ಹೇಳದಿದ್ದರೆ, ಕೇಳುವ ಫ್ರೆಂಚರಿಗೆ ನೀವು ಕೆಲಸ ಮುಗಿಸಿದ್ದೀರೋ ಇನ್ನೂ ಮಾಡುತ್ತಿದ್ದೀರೋ ತಿಳಿಯುವುದಿಲ್ಲ. ‘ಮಾಡುತ್ತಿದ್ದೆ’ ಎಂಬುದಕ್ಕೆ ‘ಝ ಫಜ಼ೆ’, ‘ಮುಂದೆ ಮಾಡುವೆನು’ ಎಂಬುದಕ್ಕೆ ‘ಝ ಫರೆ’. ‘ನಾನು ಮಾಡಬೇಕು’ ಎನ್ನುವಾಗ ‘ಇಲ್ ಫೋ ಕ ಝ ಫಾಸ್’ ಎಂಬ ರೂಪ ಬರುತ್ತದೆ. ಇಲ್ಲಿನ ‘ಇಲ್ ಫೋ’ ಬೇರೆಯೇ ಕ್ರಿಯಾಪದ. ಮೂಗಿನ ಧ್ವನಿಯಿರುವ ‘ಇಲ್ ಫೋಂ’ ಜೊತೆ ಅದನ್ನು ಬೆರೆಸಬಾರದು.

‘ಮಾಡು’ ಹೊಂದುವ ಜಾಗ, ಹೊಂದದ ಜಾಗ

ಮನೆಗೆಲಸದ ಮಾತುಗಳಿಂದ ಆರಂಭಿಸುವುದು ಸುಲಭ. ಅಡುಗೆ ಮಾಡು ಎಂಬುದು ‘ಫೇರ್ ಲಾ ಕ್ವಿಜ಼ೀನ್’, ಚಹಾ ಮಾಡು ಎಂಬುದು ‘ಫೇರ್ ದ್ಯು ತೆ’. ಆದರೆ ಕನ್ನಡದಲ್ಲಿ ನಾವು ಪಾತ್ರೆ ತೊಳೆಯುತ್ತೇವೆ, ಬಟ್ಟೆ ಒಗೆಯುತ್ತೇವೆ, ಹಾಸಿಗೆ ಸರಿಪಡಿಸುತ್ತೇವೆ, ಪೇಟೆಯಿಂದ ಸಾಮಾನು ತರುತ್ತೇವೆ, ಸಾಲಿನಲ್ಲಿ ನಿಲ್ಲುತ್ತೇವೆ. ಫ್ರೆಂಚರು ಇವೆಲ್ಲವನ್ನೂ ‘ಮಾಡುತ್ತಾರೆ’: ‘ಫೇರ್ ಲಾ ವೆಸೆಲ್’, ‘ಫೇರ್ ಲಾ ಲೆಸೀವ್’, ‘ಫೇರ್ ಲ ಲಿ’, ‘ಫೇರ್ ಲೆ ಕೂರ್ಸ್’, ‘ಫೇರ್ ಲಾ ಕೊ’. ಅತಿಥಿಗಳ ಕೋಣೆ ಅಣಿಗೊಳಿಸುವುದೂ ‘ಫೇರ್ ಲಾ ಶಾಂಬ್ರ್’. ಇವುಗಳಲ್ಲಿ ‘ಲ’, ‘ಲಾ’, ‘ಲೆ’ ಎಂಬ ಉಪಪದಗಳನ್ನು ನಾಮಪದದೊಡನೆ ಅಂಟಿಸಿಯೇ ಕಲಿಯಬೇಕು, ಏಕೆಂದರೆ ಕನ್ನಡದಲ್ಲಿ ಅವಕ್ಕೆ ಸಮನಾದದ್ದು ಇಲ್ಲದ ಕಾರಣ ನಮ್ಮ ಬಾಯಿ ಅವನ್ನು ಸಹಜವಾಗಿ ಬಿಟ್ಟುಬಿಡುತ್ತದೆ.

ಅಭ್ಯಾಸವಾಗಿ ಮಾಡುವ ಆಟ, ವ್ಯಾಯಾಮ, ವಿದ್ಯೆಗಳಿಗೆ ‘ಫೇರ್’ ನಂತರ ‘ದ್ಯು’ ಅಥವಾ ‘ದ ಲಾ’ ಬರುತ್ತದೆ. ಗೋಕರ್ಣದಲ್ಲಿ ಯೋಗ ಕಲಿಸುವವರಿಗೆ ನಿತ್ಯ ಬೇಕಾಗುವ ಮಾತು ‘ಫೇರ್ ದ್ಯು ಯೋಗಾ’; ಈಜುವುದು ‘ಫೇರ್ ದ ಲಾ ನಾತಾಸ್ಯೋಂ’, ಸೈಕಲ್ ತುಳಿಯುವುದು ‘ಫೇರ್ ದ್ಯು ವೆಲೋ’. ನಿಷೇಧ ಬಂದೊಡನೆ ಈ ‘ದ್ಯು’ ಮತ್ತು ‘ದ ಲಾ’ ಎರಡೂ ಬರಿಯ ‘ದ’ ಆಗುತ್ತವೆ: ‘ಝ ನ ಫೆ ಪಾ ದ ಯೋಗಾ’, ನಾನು ಯೋಗ ಮಾಡುವುದಿಲ್ಲ.

ಉಪಪದವೇ ಇಲ್ಲದೆ ಬರುವ ಒಂದು ಗುಂಪೂ ಇದೆ. ‘ಫೇರ್ ಆತಾಂಸ್ಯೋಂ’ ಎಂದರೆ ಜಾಗ್ರತೆ ವಹಿಸು, ‘ಫೇರ್ ಪರ್’ ಎಂದರೆ ಹೆದರಿಸು, ‘ಫೇರ್ ಮಾಲ್’ ಎಂದರೆ ನೋವು ಮಾಡು, ‘ಫೇರ್ ಪ್ಲೆಜ಼ೀರ್’ ಎಂದರೆ ಸಂತೋಷ ಕೊಡು. ಮಳೆಗಾಲದಲ್ಲಿ ಸಮುದ್ರಕ್ಕಿಳಿಯಲು ಹೊರಟವರಿಗೆ ‘ಫೆತ್ ಆತಾಂಸ್ಯೋಂ!’ ಎಂದು ಕೂಗಿ ಹೇಳಲು ಬಂದರೆ ಅದೊಂದೇ ಮಾತು ಜೀವ ಉಳಿಸಬಹುದು. ನಮ್ಮ ಕರಾವಳಿಯ ಅತಿಥಿಸತ್ಕಾರದಲ್ಲಿ ತೊಡಗಿದ ಪ್ರತಿಯೊಬ್ಬರೂ ಇದನ್ನು ಕಲಿತಿರಬೇಕು.

ಇನ್ನು ಹೊಂದದ ಜಾಗ. ಕನ್ನಡದಲ್ಲಿ ಊಟ, ಸ್ನಾನ, ನಿದ್ದೆ, ಫೋನ್, ಸಹಾಯ, ಮದುವೆ, ತೀರ್ಮಾನ ಎಲ್ಲವನ್ನೂ ‘ಮಾಡುತ್ತೇವೆ’. ಫ್ರೆಂಚಿನಲ್ಲಿ ಇವುಗಳಲ್ಲಿ ಯಾವುದಕ್ಕೂ ‘ಫೇರ್’ ಬಳಸಬಾರದು. ಊಟಕ್ಕೆ ‘ಮಾಂಝೆ’, ನಿದ್ದೆಗೆ ‘ದೋರ್ಮೀರ್’, ಫೋನಿಗೆ ‘ತೆಲೆಫೋನೆ’, ಸಹಾಯಕ್ಕೆ ‘ಎದೆ’ ಎಂಬ ಸ್ವಂತ ಕ್ರಿಯಾಪದಗಳಿವೆ. ಸ್ನಾನ ಮತ್ತು ತೀರ್ಮಾನಗಳನ್ನು ಫ್ರೆಂಚರು ‘ತೆಗೆದುಕೊಳ್ಳುತ್ತಾರೆ’, ಎಂದರೆ ‘ಪ್ರಾಂದ್ರ್ ಯುನ್ ದೂಶ್’, ‘ಪ್ರಾಂದ್ರ್ ಯುನ್ ದೆಸಿಜ಼್ಯೋಂ’. ಸಹಾಯದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು: ಕನ್ನಡದಲ್ಲಿ ‘ಅವನಿಗೆ’ ಸಹಾಯ ಮಾಡುತ್ತೇವೆ, ಫ್ರೆಂಚಿನ ‘ಎದೆ’ಗೆ ಮಾತ್ರ ‘ಅವನನ್ನು’ ಎಂಬ ಕರ್ಮವೇ ಬೇಕು. ತಪ್ಪು ಮಾಡು ಎಂಬುದು ಅದೃಷ್ಟವಶಾತ್ ‘ಫೇರ್ ಯುನ್ ಎರರ್’ ಎಂದೇ ಆಗುತ್ತದೆ. ಕನಸನ್ನು ನಾವು ಕಾಣುತ್ತೇವೆ, ಅವರು ‘ಫೇರ್ ಅಂ ರೆವ್’ ಎಂದು ಮಾಡುತ್ತಾರೆ.

‘ಮಾಡು’ವಿನ ಮುಂದೆ ಗುಣವಾಚಕವನ್ನು ಇಡುವ ಕನ್ನಡದ ರೂಢಿಯೂ ಅಲ್ಲಿಗೆ ಸಲ್ಲುವುದಿಲ್ಲ. ‘ಈ ಸುದ್ದಿ ನನ್ನನ್ನು ದುಃಖಿತನನ್ನಾಗಿ ಮಾಡಿತು’ ಎನ್ನುವಾಗ ‘ಫೇರ್’ ಬದಲು ‘ರಾಂದ್ರ್’ ಎಂಬ ಕ್ರಿಯಾಪದ ಬರಬೇಕು: ‘ಸಾ ಮಾ ರಾಂದ್ಯು ತ್ರಿಸ್ತ್’.

‘ಆಗು’ ಎಂಬ ಎರಡನೆಯ ಮುಖ

‘ಫೇರ್’ಗೆ ‘ಆಗು’ ಎಂಬ ಅರ್ಥವೂ ಇದೆ ಎಂದು ಮೊದಲೇ ತಿಳಿದುಕೊಂಡರೆ ಅಂಗಡಿ, ಹವೆ, ಕಾಲಗಳ ಮಾತು ಕಷ್ಟವಾಗುವುದಿಲ್ಲ. ‘ಎಷ್ಟಾಯಿತು?’ ಎಂದು ಕೇಳಲು ‘ಸಾ ಫೆ ಕೋಂಬ್ಯೆಂ?’ ಎನ್ನಬೇಕು, ‘ಇನ್ನೂರು ರೂಪಾಯಿ ಆಯಿತು’ ಎಂಬುದು ‘ಸಾ ಫೆ ದೊ ಸಾಂ ರುಪಿ’. ಎರಡು ಮತ್ತು ಎರಡು ನಾಲ್ಕಾಗುತ್ತದೆ ಎಂಬುದು ‘ದೊ ಎ ದೊ ಫೋಂ ಕಾತ್ರ್’. ಕಾರವಾರದ ಮೀನುಪೇಟೆಯಲ್ಲಿ ಇಸ್ವಾಣವೊಂದನ್ನು ತೂಗಿ ‘ಮೂರು ಕಿಲೋ ಆಗುತ್ತದೆ’ ಎನ್ನುವ ಮಾತು ಫ್ರೆಂಚಿನಲ್ಲಿ ‘ಇಲ್ ಫೆ ತ್ರ್ವಾ ಕಿಲೋ’. ‘ನಡೆದು ಹೋಗಲು ದೂರ ಆಗುತ್ತದೆ’ ಎಂದು ನಮ್ಮಲ್ಲಿ ಹೇಳುವಂತೆಯೇ ಅವರೂ ಆಡುಮಾತಿನಲ್ಲಿ ‘ಸಾ ಫೆ ಲ್ವೆಂ’ ಎನ್ನುತ್ತಾರೆ.

ಹವೆಯ ಮಾತಿನಲ್ಲಿ ‘ಇಲ್ ಫೆ’ ಎಂಬ ಚೌಕಟ್ಟು ಬರುತ್ತದೆ. ಇಲ್ಲಿನ ‘ಇಲ್’ಗೆ ಅವನು ಎಂಬ ಅರ್ಥವಿಲ್ಲ, ಕರ್ತೃವಿಲ್ಲದೆ ಫ್ರೆಂಚ್ ವಾಕ್ಯ ನಿಲ್ಲುವುದಿಲ್ಲವಾದ್ದರಿಂದ ಅದನ್ನು ಇಡುತ್ತಾರೆ. ‘ಇಲ್ ಫೆ ಶೋ’ ಎಂದರೆ ಬಿಸಿಲಿನ ತಾಪ, ‘ಇಲ್ ಫೆ ಫ್ರ್ವಾ’ ಎಂದರೆ ಚಳಿ, ‘ಇಲ್ ಫೆ ಫ್ರೆ’ ಎಂದರೆ ತಂಪು, ‘ಇಲ್ ಫೆ ಬೋ’ ಎಂದರೆ ಹವೆ ಚೆನ್ನಾಗಿದೆ, ‘ಇಲ್ ಫೆ ನ್ವಿ’ ಎಂದರೆ ಕತ್ತಲಾಗಿದೆ. ಕರಾವಳಿಯವರಿಗೆ ಹೆಚ್ಚು ಬೇಕಾದ ಮಾತು ‘ಇಲ್ ಫೆ ಲೂರ್’. ಗಾಳಿಯಾಡದೆ, ಮೈ ಬೆವರಿ, ಮಳೆ ಬೀಳುವ ಮೊದಲಿನ ಆ ಸೆಕೆಯನ್ನು ಹೇಳಲು ಫ್ರೆಂಚಿನಲ್ಲಿ ಇದಕ್ಕಿಂತ ಹತ್ತಿರದ ಮಾತು ನನಗೆ ಕಂಡಿಲ್ಲ. ಆದರೆ ‘ನನಗೆ ಸೆಕೆಯಾಗುತ್ತಿದೆ’ ಎಂದು ತನ್ನ ಅನುಭವ ಹೇಳುವಾಗ ‘ಝೆ ಶೋ’ ಎನ್ನಬೇಕು, ಎಂದರೆ ‘ನನ್ನಲ್ಲಿ ಸೆಕೆ ಇದೆ’ ಎಂಬ ರಚನೆ. ಅದನ್ನು ‘ಝ ಸ್ವಿ ಶೋ’ ಎಂದರೆ ಬೇರೆಯೇ ಅರ್ಥ ಬಂದು ಮುಜುಗರವಾಗುತ್ತದೆ. ಮಳೆ ಬರುತ್ತಿದೆ ಎನ್ನಲು ‘ಫೇರ್’ ಬೇಡ; ‘ಇಲ್ ಪ್ಲೊ’ ಎಂಬ ಪ್ರತ್ಯೇಕ ಕ್ರಿಯಾಪದವಿದೆ.

ಕಾಲ ಸರಿದುದನ್ನು ಹೇಳುವ ‘ಸಾ ಫೆ… ಕ’ ಎಂಬ ರಚನೆ ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ಪದಗಳ ಅನುಕ್ರಮ ಬದಲಿಸಿದರೆ ಸಾಕು. ‘ಫ್ರೆಂಚ್ ಕಲಿಯಲು ತೊಡಗಿ ಮೂರು ವರ್ಷವಾಯಿತು’ ಎಂಬುದು ‘ಸಾ ಫೆ ತ್ರ್ವಾ ಜ಼ಾಂ ಕ ಝಾಪ್ರಾಂ ಲ ಫ್ರಾಂಸೆ’. ಕಲಿಕೆ ಇನ್ನೂ ಮುಂದುವರಿದಿರುವುದರಿಂದ ಎರಡನೆಯ ಕ್ರಿಯಾಪದ ವರ್ತಮಾನ ಕಾಲದಲ್ಲೇ ಇರಬೇಕು. ‘ಅವನನ್ನು ನೋಡದೆ ಮೂರು ವರ್ಷವಾಯಿತು’ ಎಂಬಂಥ ನಿಷೇಧದ ಮಾತಿನಲ್ಲಿ ಭೂತಕಾಲ ಬರುತ್ತದೆ: ‘ಸಾ ಫೆ ತ್ರ್ವಾ ಜ಼ಾಂ ಕ ಝ ನ ಲೆ ಪಾ ವ್ಯು’.

ಕನ್ನಡದ ಎಲ್ಲ ‘ಆಗು’ಗಳೂ ಇಲ್ಲಿ ಸಲ್ಲವು. ‘ವೈದ್ಯನಾದ’ ಎಂಬಲ್ಲಿ ‘ದವನೀರ್’ ಬೇಕು, ‘ಏನಾಯಿತು?’ ಎಂಬುದಕ್ಕೆ ‘ಕೆಸ್ ಕಿ ಸೆ ಪಾಸೆ?’, ‘ನನ್ನಿಂದ ಆಗುವುದಿಲ್ಲ’ ಎಂಬುದಕ್ಕೆ ‘ಝ ನ ಪೊ ಪಾ’.

‘ಇಸು’ ಪ್ರತ್ಯಯವೇ ನಮ್ಮ ದೊಡ್ಡ ಬಲ

‘ಫೇರ್’ ನಂತರ ಇನ್ನೊಂದು ಕ್ರಿಯಾಪದದ ಮೂಲರೂಪ ಬಂದರೆ ಅದು ಕನ್ನಡದ ಪ್ರೇರಣಾರ್ಥಕವಾಗುತ್ತದೆ. ‘ರೀರ್’ ಎಂದರೆ ನಗು, ‘ಫೇರ್ ರೀರ್’ ಎಂದರೆ ನಗಿಸು. ‘ಆತಾಂದ್ರ್’ ಎಂದರೆ ಕಾಯು, ‘ಫೇರ್ ಆತಾಂದ್ರ್’ ಎಂದರೆ ಕಾಯಿಸು. ‘ತೋಂಬೆ’ ಎಂದರೆ ಬೀಳು, ‘ಫೇರ್ ತೋಂಬೆ’ ಎಂದರೆ ಬೀಳಿಸು. ‘ಸಾವ್ವಾರ್’ ಎಂದರೆ ತಿಳಿ, ‘ಫೇರ್ ಸಾವ್ವಾರ್’ ಎಂದರೆ ತಿಳಿಸು. ಕೊನೆಗೆ ‘ಫೇರ್ ಫೇರ್’ ಎಂದರೆ ಮಾಡಿಸು. ಇಂಗ್ಲಿಷ್ ಮೂಲಕ ಬರೆದ ಪಠ್ಯಪುಸ್ತಕಗಳು ಈ ಭಾಗವನ್ನು ಕಠಿಣ ವ್ಯಾಕರಣವೆಂದು ಬಗೆದು ತುಂಬ ತಡವಾಗಿ ಪರಿಚಯಿಸುತ್ತವೆ. ಪ್ರಾಥಮಿಕ ಶಾಲೆಯಲ್ಲೇ ‘ಇಸು’ ಪ್ರತ್ಯಯವನ್ನು ಕಲಿತ ನಮಗೆ ಅಷ್ಟು ಕಾಯುವ ಅಗತ್ಯವಿಲ್ಲ; ಮನೆಯಲ್ಲಿ ಕೊಂಕಣಿ ಆಡುವವರಿಗೂ ಇಲ್ಲ, ಏಕೆಂದರೆ ಆ ಭಾಷೆಯಲ್ಲೂ ಪ್ರೇರಣಾರ್ಥಕ ರೂಪವಿದೆ.

ಅಡುಗೆಯ ಮಾತಿನಲ್ಲಿ ಇದರ ಪ್ರಯೋಜನ ತಕ್ಷಣ ಕಾಣುತ್ತದೆ. ‘ಲೋ ಬು’ ಎಂದರೆ ನೀರು ಕುದಿಯುತ್ತದೆ. ‘ಝ ಫೆ ಬೂಯೀರ್ ಲೋ’ ಎಂದರೆ ನಾನು ನೀರು ಕುದಿಸುತ್ತೇನೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಇರುವುದರಿಂದ ಆ ದಾರಿಯಲ್ಲಿ ಬಂದವರು ‘ಫೇರ್’ ಬಿಟ್ಟುಬಿಡುತ್ತಾರೆ. ಕನ್ನಡದಲ್ಲಿ ಯೋಚಿಸಿದವರು ಬಿಡಲಾರರು: ಬೆಲ್ಲ ಕರಗುತ್ತದೆ, ನಾವು ಕರಗಿಸುತ್ತೇವೆ, ಆದ್ದರಿಂದ ‘ಫೇರ್ ಫೋಂದ್ರ್’, ಹಪ್ಪಳ ಒಣಗುತ್ತದೆ, ನಾವು ಒಣಗಿಸುತ್ತೇವೆ, ಆದ್ದರಿಂದ ‘ಫೇರ್ ಸೆಶೆ’, ಅನ್ನ ಬೇಯುತ್ತದೆ, ನಾವು ಬೇಯಿಸುತ್ತೇವೆ, ಆದ್ದರಿಂದ ‘ಫೇರ್ ಕ್ವೀರ್’. ಇವುಗಳಲ್ಲಿ ‘ಕ್ವೀರ್’, ‘ಸೆಶೆ’, ‘ಫೋಂದ್ರ್’ಗಳನ್ನು ಫ್ರೆಂಚರು ‘ಫೇರ್’ ಇಲ್ಲದೆಯೂ ಸಕರ್ಮಕವಾಗಿ ಬಳಸುವುದುಂಟು. ‘ಬೂಯೀರ್’ ಮತ್ತು ‘ತೋಂಬೆ’ಗಳಿಗೆ ಮಾತ್ರ ಶಿಷ್ಟ ಭಾಷೆಯಲ್ಲಿ ‘ಫೇರ್’ ಬೇಕೇ ಬೇಕು. ಲೋಟ ಬೀಳಿಸಿದೆ ಎನ್ನಲು ‘ಝೆ ಫೆ ತೋಂಬೆ ಲ ವೇರ್’ ಎನ್ನಬೇಕು, ‘ಫೇರ್’ ಬಿಡಬಾರದು.

ಶಿರಸಿಯ ಕಡೆ ಕೆಂಪಡಿಕೆ ಮಾಡುವ ಕ್ರಮವನ್ನು ಅತಿಥಿಗಳಿಗೆ ವಿವರಿಸಲು ಎರಡು ವಾಕ್ಯ ಸಾಕು. ಸುಲಿದ ಅಡಿಕೆಯನ್ನು ಬೇಯಿಸುತ್ತಾರೆ, ಆಮೇಲೆ ಬಿಸಿಲಿನಲ್ಲಿ ಒಣಗಿಸುತ್ತಾರೆ: ‘ಓಂ ಫೆ ಕ್ವೀರ್ ಲೆ ನ್ವಾ ದಾರೆಕ್, ಪ್ವಿ ಓಂ ಲೆ ಫೆ ಸೆಶೆ ಓ ಸೊಲೇಯ್’. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸನ್ನು ತೋರಿಸಿ ‘ಇಲ್ಲಿ ಕಾಳುಮೆಣಸು ಬೆಳೆಸುತ್ತೇವೆ’ ಎನ್ನಲು ‘ಇಸಿ, ಓಂ ಫೆ ಪುಸೆ ದ್ಯು ಪ್ವಾವ್ರ್’ ಎನ್ನಬಹುದು. ‘ಪುಸೆ’ ಎಂದರೆ ಬೆಳೆ, ಮುಂದೆ ‘ಫೇರ್’ ಬಂದರೆ ಬೆಳೆಸು. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳನ್ನು ತೋರಿಸುವವರು ‘ಓಂ ಫೆ ಎವಾಪೋರೆ ಲೋ ದ ಮೇರ್’ ಎಂದು, ಸಮುದ್ರದ ನೀರನ್ನು ಆವಿಯಾಗಿಸುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಇಲ್ಲಿ ‘ಓಂ’ ಎಂಬುದು ‘ನಾವು’ ಅಥವಾ ‘ಜನರು’ ಎಂಬ ಅರ್ಥದ ಸರ್ವನಾಮ. ಆಡುಮಾತಿನಲ್ಲಿ ಅದು ‘ನು’ಗಿಂತ ಹೆಚ್ಚು ಕೇಳಿಬರುತ್ತದೆ, ಮತ್ತು ಅದರೊಡನೆ ಕ್ರಿಯಾಪದ ಸದಾ ಏಕವಚನ.

ಈಗ ವಾಕ್ಯರಚನೆಗೆ ಬರೋಣ. ‘ಫೇರ್’ ಮತ್ತು ಎರಡನೆಯ ಕ್ರಿಯಾಪದಗಳ ನಡುವೆ ಕರ್ಮವನ್ನು ತೂರಿಸಬಾರದು. ಮನೆ ಕಟ್ಟಿಸುತ್ತೇನೆ ಎಂಬುದು ‘ಝ ಫೆ ಕೋಂಸ್ತ್ರ್ವೀರ್ ಯುನ್ ಮೆಜ಼ೋಂ’; ‘ಮೆಜ಼ೋಂ’ ಕೊನೆಯಲ್ಲೇ ಬರಬೇಕು. ಕನ್ನಡದಲ್ಲಿ ‘ಕಟ್ಟು’ ಮತ್ತು ‘ಇಸು’ ಒಂದೇ ಪದವಾಗಿ ಬೆಸೆದಿರುವಂತೆ ಫ್ರೆಂಚಿನಲ್ಲಿ ಆ ಎರಡು ಪದಗಳು ಬೆಸೆದಿವೆ ಎಂದು ಭಾವಿಸಿದರೆ ತಪ್ಪಾಗುವುದಿಲ್ಲ. ಕರ್ಮವು ಸರ್ವನಾಮವಾದರೆ ಈ ಜೋಡಿಯ ಮುಂದಕ್ಕೆ ಹೋಗುತ್ತದೆ: ‘ಝ ಲಾ ಫೆ ಕೋಂಸ್ತ್ರ್ವೀರ್’, ಅದನ್ನು ಕಟ್ಟಿಸುತ್ತೇನೆ.

ಯಾರಿಂದ ಮಾಡಿಸುತ್ತೇವೆ ಎಂಬುದನ್ನು ಹೇಳುವ ರೀತಿಯಲ್ಲಿ ಎರಡು ಭಾಷೆಗಳ ಹೋಲಿಕೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ‘ಮಗುವನ್ನು ನಗಿಸುತ್ತೇನೆ’ ಎಂಬಲ್ಲಿ ನಗುವ ಮಗುವಿಗೆ ದ್ವಿತೀಯಾ ವಿಭಕ್ತಿ. ಫ್ರೆಂಚಿನಲ್ಲೂ ‘ಝ ಫೆ ರೀರ್ ಲಾಂಫಾಂ’ ಎಂದು ಮಗು ನೇರ ಕರ್ಮ. ‘ಮಗುವಿಗೆ ಸೂಪು ಉಣಿಸುತ್ತೇನೆ’ ಎಂದು ಇನ್ನೊಂದು ಕರ್ಮ ಬಂದೊಡನೆ ಮಗು ಚತುರ್ಥಿಗೆ ಸರಿಯುತ್ತದೆ. ಫ್ರೆಂಚಿನಲ್ಲೂ ‘ಝ ಫೆ ಮಾಂಝೆ ಲಾ ಸೂಪ್ ಆ ಲಾಂಫಾಂ’ ಎಂದು ‘ಗೆ’ ಪ್ರತ್ಯಯದ ಸ್ಥಾನದಲ್ಲಿ ‘ಆ’ ಬರುತ್ತದೆ. ‘ಬಡಗಿಯಿಂದ ಬಾಗಿಲು ಮಾಡಿಸುತ್ತೇನೆ’ ಎನ್ನುವಾಗ ನಮ್ಮ ‘ಇಂದ’ಕ್ಕೆ ಸರಿಯಾಗಿ ಅಲ್ಲಿ ‘ಪಾರ್’: ‘ಝ ಫೆ ಫೇರ್ ಯುನ್ ಪೋರ್ತ್ ಪಾರ್ ಲ ಮನ್ವಿಜ಼್ಯೆ’. ಹೀಗೆ ಕೂಲಿ ಕೊಟ್ಟೋ ಹೇಳಿಯೋ ಕೆಲಸ ಮಾಡಿಸುವಾಗ ‘ಪಾರ್’ ಬಳಸುವುದು ಸುರಕ್ಷಿತ. ಒಂದು ಕಡೆ ಮಾತ್ರ ದಾರಿ ಬೇರೆಯಾಗುತ್ತದೆ. ‘ಮಗುವಿನಿಂದ ಪದ್ಯ ಓದಿಸಿದೆ’ ಎಂದು ನಾವು ‘ಇಂದ’ ಬಳಸುವಲ್ಲಿ, ಓದಿನ ಪ್ರಯೋಜನ ಮಗುವಿಗೇ ಸಲ್ಲುವುದರಿಂದ ಫ್ರೆಂಚರು ಸಾಮಾನ್ಯವಾಗಿ ‘ಆ’ ಎನ್ನುತ್ತಾರೆ.

ಪ್ರವಾಸಿಗಳಿಗೆ ಊರು ತೋರಿಸುವವರು ಎರಡು ಮಾತುಗಳನ್ನು ಇಡಿಯಾಗಿ ಕಲಿತಿಟ್ಟುಕೊಳ್ಳಬಹುದು. ‘ನಿಮಗೆ ಊರು ತೋರಿಸುತ್ತೇನೆ’ ಎಂಬುದು ‘ಝ ವು ಫೆ ವಿಜ಼ಿತೆ ಲ ವಿಲಾಝ್’. ‘ನಿಮಗೆ ತಂಬುಳಿಯ ರುಚಿ ತೋರಿಸುತ್ತೇನೆ’ ಎಂಬುದು ‘ಝ ವು ಫೆ ಗುತೆ ಲ ತಂಬುಳಿ’. ಎರಡರಲ್ಲೂ ‘ನಿಮಗೆ’ ಎಂಬ ಅರ್ಥದ ‘ವು’ ಕ್ರಿಯಾಪದದ ಮುಂದೆ ಇರುವುದನ್ನು ಗಮನಿಸಬೇಕು. ತೊಡದೇವು ಹೊಯ್ಯುವುದನ್ನೋ ಅಪ್ಪೆಹುಳಿ ಮಾಡುವುದನ್ನೋ ತೋರಿಸುವಾಗಲೂ ಹೆಸರು ಬದಲಿಸಿದರೆ ಸಾಕು, ಚೌಕಟ್ಟು ಇದೇ.

ಹೋಗಲು ‘ಬಿಡು’ವುದಕ್ಕೂ ‘ಹೋಗಿಸು’ವುದಕ್ಕೂ ಇರುವ ಅಂತರ ಫ್ರೆಂಚಿನಲ್ಲೂ ಇದೆ. ತಡೆಯದೆ ಬಿಡುವುದು ‘ಲೆಸೆ’, ಮುಂದಾಗಿ ಮಾಡಿಸುವುದು ‘ಫೇರ್’. ‘ಲೆಸೆ ಪಾರ್ತೀರ್’ ಎಂದರೆ ಹೊರಡಲು ಬಿಡು.

‘ಇಸಿಕೊಳ್ಳು’

ಮುಂದಿನ ಹೆಜ್ಜೆ ‘ಸ ಫೇರ್’. ಇಲ್ಲಿ ‘ಸ’ ಎಂಬುದು ನಮ್ಮ ‘ಕೊಳ್ಳು’ವಿನ ಕೆಲಸ ಮಾಡುತ್ತದೆ. ಕೂದಲು ಕತ್ತರಿಸಿಕೊಳ್ಳುವುದು, ಎಂದರೆ ಇನ್ನೊಬ್ಬರಿಂದ ಕತ್ತರಿಸಿಕೊಳ್ಳುವುದು, ‘ಸ ಫೇರ್ ಕುಪೆ ಲೆ ಶವೊ’. ಚಿಕಿತ್ಸೆ ಮಾಡಿಸಿಕೊಳ್ಳುವುದು ‘ಸ ಫೇರ್ ಸ್ವಾನ್ಯೆ’. ಪೆಟ್ಟು ಮಾಡಿಕೊಳ್ಳುವುದು ‘ಸ ಫೇರ್ ಮಾಲ್’. ತಾನು ಬಯಸದೆ ಅನುಭವಿಸಿದ್ದನ್ನೂ ಇದೇ ರಚನೆ ಹೇಳುತ್ತದೆ. ‘ಮಾಸ್ತರರಿಂದ ಬೈಸಿಕೊಂಡ’ ಎಂಬ ನಮ್ಮ ಮಾತು ಒಂದು ಪದವೂ ಅತ್ತಿತ್ತ ಆಗದಂತೆ ‘ಇಲ್ ಸೆ ಫೆ ಗ್ರೋಂದೆ ಪಾರ್ ಲ ಪ್ರೊಫೆಸರ್’ ಆಗುತ್ತದೆ. ನಾಯಿಯಿಂದ ಕಚ್ಚಿಸಿಕೊಳ್ಳುವುದು ‘ಸ ಫೇರ್ ಮೋರ್ದ್ರ್ ಪಾರ್ ಅಂ ಶ್ಯೆಂ’. ಚೀಲ ಕ‍ಳವಾದಾಗ ಮಾತ್ರ ಎಚ್ಚರ. ಫ್ರೆಂಚರು ‘ಇಲ್ ಸೆ ಫೆ ವೊಲೆ ಸೋಂ ಸಾಕ್’ ಎನ್ನುತ್ತಾರೆ, ಅದರಲ್ಲಿ ಚೀಲದವನ ತಪ್ಪೇನೂ ಸೂಚಿತವಾಗುವುದಿಲ್ಲ. ಅದನ್ನು ‘ಕಳವು ಮಾಡಿಸಿಕೊಂಡ’ ಎಂದು ಅಕ್ಷರಶಃ ಅರ್ಥೈಸಿ ಅವನನ್ನು ದೂರಬಾರದು.

ಬರವಣಿಗೆಯಲ್ಲಿ ಒಂದು ನಿಯಮ ಪರೀಕ್ಷೆ ಬರೆಯುವವರಿಗೆ ಮುಖ್ಯ. ಕರ್ಮ ಮುಂದೆ ಬಂದಾಗ ಫ್ರೆಂಚಿನ ಭೂತಕೃದಂತ, ಎಂದರೆ ‘ಝೆ ಫೆ’ ಎಂಬಲ್ಲಿನ ‘ಫೆ’ಯಂಥ ರೂಪ, ಆ ಕರ್ಮದ ಲಿಂಗ ಮತ್ತು ವಚನಕ್ಕೆ ಹೊಂದಿಕೊಳ್ಳುತ್ತದೆ. ‘ನಾನು ಮಾಡಿದ ತಪ್ಪುಗಳು’ ಎಂಬುದು ‘ಲೆ ಜ಼ೆರರ್ ಕ ಝೆ ಫೆತ್’ ಎಂದಾಗಿ, ‘ಫೆ’ ಎಂಬುದು ‘ಫೆತ್’ ಆಗುತ್ತದೆ. ಆದರೆ ಬೇರೊಂದು ಕ್ರಿಯಾಪದದ ಮೂಲರೂಪದ ಮುಂದೆ ನಿಂತ ‘ಫೆ’ ಎಂದಿಗೂ ಬದಲಾಗದು. ‘ನಾನು ಕಟ್ಟಿಸಿದ ಮನೆ’ ಎಂಬಲ್ಲಿ ‘ಮೆಜ಼ೋಂ’ ಸ್ತ್ರೀಲಿಂಗವಾದರೂ ‘ಲಾ ಮೆಜ಼ೋಂ ಕ ಝೆ ಫೆ ಕೋಂಸ್ತ್ರ್ವೀರ್’ ಎಂದೇ ಬರೆಯಬೇಕು. ಹೆಂಗಸೊಬ್ಬಳು ಕೂದಲು ಕತ್ತರಿಸಿಕೊಂಡಳು ಎನ್ನುವಾಗಲೂ ‘ಎಲ್ ಸೆ ಫೆ ಕುಪೆ ಲೆ ಶವೊ’ ಎಂದೇ.

‘ಸ ಫೇರ್’ ಜೊತೆಗೆ ಕೆಲವು ಸಿದ್ಧ ಮಾತುಗಳಿವೆ. ‘ನ ತಾಂ ಫೆ ಪಾ’ ಎಂದರೆ ಚಿಂತೆ ಮಾಡಬೇಡ. ಹಿರಿಯರಿಗೆ ಮತ್ತು ಅಪರಿಚಿತರಿಗೆ ‘ನ ವು ಜ಼ಾಂ ಫೆತ್ ಪಾ’. ‘ಝ ಮ ಫೆ ಆ ಲಾ ಶಾಲರ್’ ಎಂದರೆ ಸೆಕೆಗೆ ಒಗ್ಗಿಕೊಳ್ಳುತ್ತಿದ್ದೇನೆ. ದೇವಸ್ಥಾನದೊಳಗೆ ಚಪ್ಪಲಿ ಹಾಕಿಕೊಂಡು ಹೊರಟವರನ್ನು ತಡೆಯಲು ‘ಇಸಿ, ಸಾ ನ ಸ ಫೆ ಪಾ’ ಎನ್ನಬಹುದು, ಇಲ್ಲಿ ಹಾಗೆ ಮಾಡುವ ಪದ್ಧತಿಯಿಲ್ಲ ಎಂದು ಅದರ ಅರ್ಥ. ಅದರಲ್ಲಿ ಸ್ವಲ್ಪ ಆಕ್ಷೇಪಣೆಯ ಧ್ವನಿ ಇರುವುದರಿಂದ ನಗುಮುಖದಿಂದಲೇ ಹೇಳಬೇಕು. ಅವರು ಕ್ಷಮೆ ಕೇಳಿದರೆ ‘ಸಾ ನ ಫೆ ರ್ಯೆಂ’, ಎಂದರೆ ಪರವಾಗಿಲ್ಲ, ಎಂದು ಉತ್ತರಿಸಬೇಕು. ‘ಅವನದು ನಿದ್ದೆ ಮಾಡುವುದೊಂದೇ ಕೆಲಸ’ ಎಂಬುದಕ್ಕೆ ‘ಇಲ್ ನ ಫೆ ಕ ದೋರ್ಮೀರ್’ ಎಂಬ ಸೊಗಸಾದ ಮಾತಿದೆ.

ಅಭ್ಯಾಸಕ್ಕೆ ನಾನು ಸೂಚಿಸುವ ಕ್ರಮ ಹೀಗಿದೆ. ದಿನವಿಡೀ ನೀವು ಆಡುವ ಕನ್ನಡ ಮಾತಿನಲ್ಲಿ ‘ಇಸು’ ಬಂದ ಕ್ರಿಯಾಪದಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮೋಟಾರು ರಿಪೇರಿ ಮಾಡಿಸಿದೆ, ಹುಡುಗನಿಗೆ ಓದಿಸಿದೆ, ಹಾಲು ಕಾಯಿಸಿದೆ ಎಂಬಂತೆ. ಪ್ರತಿಯೊಂದಕ್ಕೂ ‘ಇಸು’ ತೆಗೆದ ಮೂಲಧಾತುವಿನ ಫ್ರೆಂಚ್ ಪದವನ್ನು ನಿಘಂಟಿನಲ್ಲಿ ಹುಡುಕಿ, ಅದರ ಮುಂದೆ ‘ಫೇರ್’ ಇಟ್ಟು ವಾಕ್ಯ ಕಟ್ಟಿ, ಜೋರಾಗಿ ಓದಿ. ‘ಕೂರಿಸು’, ‘ಕಲಿಸು’ ಮುಂತಾದ ಕೆಲವಕ್ಕೆ ಫ್ರೆಂಚಿನಲ್ಲಿ ಸ್ವತಂತ್ರ ಕ್ರಿಯಾಪದಗಳೇ ಹೆಚ್ಚು ರೂಢಿಯಲ್ಲಿವೆ. ಕಲಿಸು ಎಂಬುದು ‘ಆಂಸೆನ್ಯೆ’, ತೋರಿಸು ಎಂಬುದು ‘ಮೋಂತ್ರೆ’. ಅಂಥವನ್ನು ಪುಸ್ತಕದ ಇನ್ನೊಂದು ಬದಿಗೆ ಬರೆದುಕೊಳ್ಳಿ.

ಪ್ರಬಂಧ ಅಥವಾ ಪತ್ರ ಬರೆಯುವ ಹಂತಕ್ಕೆ ಬಂದಾಗ ‘ಫೇರ್’ ಬಳಕೆಯನ್ನು ತುಸು ಕಡಿಮೆ ಮಾಡಬೇಕಾಗುತ್ತದೆ. ಫ್ರಾನ್ಸಿನ ಶಾಲೆಗಳಲ್ಲಿ ಮಕ್ಕಳ ಬರಹ ತಿದ್ದುವಾಗ, ಒಂದೇ ಪುಟದಲ್ಲಿ ಪದೇ ಪದೇ ಬಂದ ‘ಫೇರ್’ಗಳನ್ನು ತೆಗೆದು ಖಚಿತವಾದ ಕ್ರಿಯಾಪದ ಹಾಕಿಸುವುದು ರೂಢಿ. ಊಟ ತಯಾರಿಸುವಲ್ಲಿ ‘ಪ್ರೆಪಾರೆ’, ಅಳತೆ ಹೇಳುವಲ್ಲಿ ‘ಮಜ಼್ಯುರೆ’, ತೂಕ ಹೇಳುವಲ್ಲಿ ‘ಪಜ಼ೆ’, ಕೆಲಸವೊಂದನ್ನು ವಿಧಿವತ್ತಾಗಿ ನಡೆಸಿದ ವರದಿಯಲ್ಲಿ ‘ಎಫೆಕ್ತ್ಯುಎ’ ಬರೆಯಬಹುದು. ಮಾತಿನಲ್ಲಿ ಮಾತ್ರ ಈ ಸಂಕೋಚ ಬೇಡ. ಸರಿಯಾದ ಪದ ನೆನಪಾಗದಿದ್ದಾಗ ‘ಫೇರ್’ ಹಾಕಿ, ಕೈಸನ್ನೆ ಸೇರಿಸಿದರೆ ಎದುರಿಗಿದ್ದ ಫ್ರೆಂಚರೇ ಸರಿಯಾದ ಕ್ರಿಯಾಪದವನ್ನು ಹೇಳಿಕೊಡುತ್ತಾರೆ, ಮತ್ತು ಹಾಗೆ ಕೇಳಿ ಕಲಿತ ಪದವನ್ನು ಆ ರಾತ್ರಿಯೇ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.